ಹಳೇ ಫೋರ್ ಬೈ ಫೋರ್ ಗಾಡಿ: ದಿನಾ ಊರೊಳಗ ಓಡಾಟ, ಮಳ್ಯಾಗ ಎರಿ ದಾರಿ. ಯಾವುದು ತಗೊಳ್ಳಲಿ?

ಎರಿಹೊಲ_28 (ವಿಜಯಪುರ)

ನಮಸ್ಕಾರ್ರಿ. ಸೆಕೆಂಡ್ ಹ್ಯಾಂಡ್ ಫೋರ್ ಬೈ ಫೋರ್, ಅಂದ್ರ ಎಂಜಿನ್ ಶಕ್ತಿ ನಾಕೂ ಗಾಲಿಗೆ ಹೋಗೂ ಗಾಡಿ, ಒಂದು ತಗೋಬೇಕಾಗೇತಿ. ಬಳಕೆ ಹಿಂಗೈತಿ: ದಿನಾ ಊರೊಳಗ 20-25 ಕಿ.ಮೀ., ಜಲನಗರದಿಂದ ಗಾಂಧಿ ಚೌಕ, ಎಪಿಎಂಸಿ, ಸಾಲಿ, ವಾಪಸ್. ವಾರಕ್ಕ ಎರಡು ಸಲ ತಿಕೋಟಾ ಕಡೆ ದ್ರಾಕ್ಷಿ ತೋಟ. ಡಾಂಬರ್ ಬಿಟ್ಟ ಮ್ಯಾಲ 4 ಕಿ.ಮೀ. ಎರಿ (ಕಪ್ಪು ಜಿಗುಟು ಮಣ್ಣಿನ) ದಾರಿ, ನಡುವ ಒಂದು ಸಣ್ಣ ಹಳ್ಳ. ಮಳಿ ಬಿದ್ದ ಮರುದಿನ ಅಲ್ಲಿ ಟ್ರ್ಯಾಕ್ಟರ್ ಬಿಟ್ರ ಬ್ಯಾರೆ ಏನೂ ಹೋಗಂಗಿಲ್ಲ. ವರ್ಷದಾಗ ಮೂರ್ನಾಕು ಸಲ ಬಾದಾಮಿ, ಖಾನಾಪುರ ಕಡೆ ತಿರುಗಾಟ. ಮನ್ಯಾಗ ಐದು ಮಂದಿ. ಅವ್ವಗ ಎಪ್ಪತ್ತು ದಾಟೇತಿ, ಮೊಣಕಾಲು ನೋವು. ಮನಿಗೆ ಇದೊಂದೇ ಗಾಡಿ.

ಬಜೆಟ್ ಕಾಗದ, ರಿಪೇರಿ ಎಲ್ಲಾ ಸೇರಿ 9 ಲಕ್ಷ. ಸದ್ಯ ಕಣ್ಣಾಗ ಇರೋವು ನಾಕು: 2016ರ ಥಾರ್ ಸಿಆರ್‌ಡಿಇ (ಬೆಳಗಾವಿ, 78,000 ಕಿ.ಮೀ.), 2012ರ ಜಿಪ್ಸಿ (ಕೆಎ-29, ಬಾಗಲಕೋಟೆ), 2015ರ ಡಸ್ಟರ್ ಎಡಬ್ಲ್ಯೂಡಿ (ಸೊಲ್ಲಾಪುರ, 95,000 ಕಿ.ಮೀ.), ಮತ್ತ ದಿಲ್ಲಿಯಿಂದ ತಂದಿಟ್ಟ 2014ರ ಸ್ಕಾರ್ಪಿಯೊ 4ಡಬ್ಲ್ಯೂಡಿ, ಇದರ ರೇಟು ಭಾಳ ಕಡಿಮಿ. ಎಡಬ್ಲ್ಯೂಡಿ, 4ಡಬ್ಲ್ಯೂಡಿ ಎರಡೂ ನಾಕು ಗಾಲಿ ಎಳಿಯೂವೇ. ಜಿಮ್ನಿ ಇಷ್ಟ ಐತಿ, ಆದ್ರ ಸೆಕೆಂಡ್ ಹ್ಯಾಂಡ್ ಆದ್ರೂ ಕೈಗೆ ನಿಲುಕವಲ್ದು.

ಯಾವುದು ತಗೊಳ್ಳಲಿ, ನೋಡಾಕ ಹೋದಾಗ ಏನೇನು ಪರೀಕ್ಷಾ ಮಾಡ್ಲಿ? ಸೊಲ್ಲಾಪುರ ಗಾಡಿಗೆ ಕಾಗದದ ತ್ರಾಸ ಎಷ್ಟು?

ಉದ್ಯಮಬಾಗ್ ಪಾನಾ

ನಾಕರಾಗ ಎರಡು ಈಗಲೇ ತೆಗದ ಇಡ್ರಿ. ಥಾರ್ ಸಿಆರ್‌ಡಿಇ ಮತ್ತ ಜಿಪ್ಸಿ. ಗಾಡಿ ಕೆಟ್ಟು ಅಂತ ಅಲ್ಲ, ಎರಿಯೊಳಗ ಎರಡೂ ಗಟ್ಟಿ. ಆದ್ರ ಹಳೇ ಥಾರ್‌ನ್ಯಾಗ ಹಿಂದಿನ ಸೀಟು ಅಡ್ಡಡ್ಡ, ಹತ್ತೂದು ಹಿಂದಿನ ಬಾಗಲದಿಂದ. ಮೊಣಕಾಲು ನೋವಿನ ಅವ್ವನ್ನ ಅಲ್ಲಿ ಹತ್ತಸೂದು ಹೆಂಗ? ಜಿಪ್ಸಿಗೆ ಪವರ್ ಸ್ಟೀರಿಂಗ್ ಇಲ್ಲ, ಕಂಪನಿ ಎಸಿ ಇಲ್ಲ, ನಾಕೂ ಕಡೆ ಪಾಟಾ (ಲೀಫ್ ಸ್ಪ್ರಿಂಗ್). ವಿಜಯಪುರದ ಏಪ್ರಿಲ್-ಮೇ ಬಿಸಲಾಗ ಒಂದು ವಾರ ಓಡಿಸಿದ್ರ ಮನಿಯವರು ಆಟೋ ಹಿಡಿತಾರ. ಮನ್ಯಾಗ ಇನ್ನೊಂದು ಕಾರ್ ಇದ್ದು ಇದು ಬರೇ ತೋಟಕ್ಕ ಅಂದಿದ್ರ ನಾನ ಥಾರ್ ತಗೋರಿ ಅಂತಿದ್ದೆ.

ಉಳಿದದ್ದು ಡಸ್ಟರ್, ಸ್ಕಾರ್ಪಿಯೊ. ದಿಲ್ಲಿ ಗಾಡಿ ಯಾಕ ಸೋವಿ ಅಂದ್ರ, ಅಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿಗೆ ನಿರ್ಬಂಧ ಬಂದಿತ್ತು, ಹಿಂಗಾಗಿ ಹೊರಗ ತಳ್ಳಿದ್ರು. ಅದೊಂದ ಕಾರಣಕ್ಕ ಬಿಡಬ್ಯಾಡ್ರಿ, ಆದ್ರ ರೇಟು ನೋಡಿ ಕಣ್ಣು ಮುಚ್ಚಬ್ಯಾಡ್ರಿ. ಇಲ್ಲೇ ಕೆಎ-22, 23, 28ರ (ಬೆಳಗಾವಿ, ಚಿಕ್ಕೋಡಿ, ವಿಜಯಪುರದ) ಸ್ಕಾರ್ಪಿಯೊ 4ಡಬ್ಲ್ಯೂಡಿ ಸಿಕ್ರ ಇನ್ನೂ ಚಲೋ. 2014ರ ಸೆಪ್ಟೆಂಬರ್‌ಗೆ ಬಂದ ಹೊಸ ಚಾಸಿ ಮಾದರಿ ನೋಡ್ರಿ, ಅದರ ಹಿಂದಿನದಕ್ಕಿಂತ ರೋಡ್ ಮ್ಯಾಲ ತೂಗಾಟ ಕಡಿಮಿ.

ಈಗ ಪರೀಕ್ಷಾ. ಮುಂಜಾನೆ ಹೋಗ್ರಿ, ಮೊದಲ ಹೇಳಿಡ್ರಿ "ಎಂಜಿನ್ ಚಾಲೂ ಮಾಡಿ ಇಡಬ್ಯಾಡ್ರಿ" ಅಂತ. ಬಾನೆಟ್ ಮುಟ್ಟಿದಾಗ ಬೆಚ್ಚಗಿದ್ರ ಏನೋ ಮುಚ್ಚಿಡಾಕತ್ತಾರ ಅಂತ ತಿಳೀರಿ. ತಣ್ಣಗಿದ್ದಾಗ ಚಾಲೂ ಮಾಡಿದ್ರ ಡೀಸೆಲ್ಲಿಗೆ ಒಂದೆರಡು ಸೆಕೆಂಡ್ ಹೊಗಿ ಬಂದ್ರ ನಡೀತದ. ನೀಲಿ ಹೊಗಿ ನಿಲ್ಲದಂಗ ಬಂದ್ರ ಆಯಿಲ್ ಸುಡಾಕತ್ತೇತಿ, ಬಿಳಿ ಹೊಗಿ ಬಿಡದಂಗ ಬಂದು ಕೂಲಂಟ್ ಕಡಿಮಿ ಆಗ್ತಿದ್ರ ಹೆಡ್ ಗ್ಯಾಸ್ಕೆಟ್ ಸಂಶಯ. ಎಂಜಿನ್ ಓಡೂ ಮುಂದ ಆಯಿಲ್ ಹಾಕೂ ಮುಚ್ಚಳ ತಿರುವಿ ಸುಮ್ನ ತೂತಿನ ಮ್ಯಾಲ ಇಡ್ರಿ. ಕುಣದು ಹಾರಿ ಬೀಳೂವಷ್ಟು ಗಾಳಿ ಬಂದ್ರ ರಿಂಗ್ ಸವದಾವ. ಟರ್ಬೊದಿಂದ ಇಂಟರ್‌ಕೂಲರ್‌ಗೆ ಹೋಗೂ ಪೈಪ್ ಒಳಗ ಆಯಿಲ್ ಪಸೆ ಇದ್ದೇ ಇರ್ತದ, ತೊಟ್ಟಿಕ್ಕಿದ್ರ ಮಾತ್ರ ಚಿಂತಿ.

ಫೋರ್ ಬೈ ಫೋರ್ ಭಾಗ ಬ್ಯಾರೆನ ನೋಡಬೇಕು, ಇದನ್ನ ಬಹಳ ಮಂದಿ ನೋಡಂಗೇ ಇಲ್ಲ. ಮೊದಲ, ನಿಜವಾಗ್ಲೂ ಫೋರ್ ಬೈ ಫೋರ್ ಹೌದೋ ಅಲ್ಲೋ? ಸ್ಟಿಕ್ಕರ್ ನಂಬಬ್ಯಾಡ್ರಿ. ಕೆಳಗ ಬಗ್ಗಿ ನೋಡ್ರಿ: ಮುಂದ ಡಿಫ್ರೆನ್ಷಿಯಲ್ (ಎಡ-ಬಲ ಗಾಲಿಗೆ ಶಕ್ತಿ ಹಂಚೂ ಗೇರ್) ಐತೋ, ಅದರಿಂದ ಎರಡೂ ಮುಂದಿನ ಗಾಲಿಗೆ ಶಾಫ್ಟ್ ಹೋಗ್ಯಾವೋ, ಗೇರ್‌ಬಾಕ್ಸ್ ಹಿಂದ ಟ್ರಾನ್ಸ್‌ಫರ್ ಕೇಸ್ (ಮುಂದ-ಹಿಂದ ಶಕ್ತಿ ಹಂಚೂ ಗೇರ್ ಡಬ್ಬಿ) ಐತೋ. ಹೊಸ ಥಾರ್ ನೋಡೋರಿಗೂ ಇದೇ ಮಾತು: 2023ರ ಜನವರಿಯಿಂದ 1.5 ಡೀಸೆಲ್ ಹಾಕಿ ಬರೇ ಹಿಂದಿನ ಗಾಲಿ ಎಳೆಯೂ ಥಾರ್ ಬಂದಾವ, ಹೊರಗಿಂದ ನೋಡಿದ್ರ ಗೊತ್ತಾಗಂಗಿಲ್ಲ.

ಆಮ್ಯಾಲ ಗಾಡಿ ಮಣ್ಣಿಗೆ ಒಯ್ಯಿರಿ. ಒಣ ಡಾಂಬರ್ ಮ್ಯಾಲ 4ಎಚ್ (ನಾಕೂ ಗಾಲಿ, ಸಾದಾ ವೇಗ) ಹಾಕಿ ತಿರಗಬ್ಯಾಡ್ರಿ. ಸ್ಕಾರ್ಪಿಯೊ, ಥಾರ್, ಜಿಪ್ಸಿ, ಜಿಮ್ನಿ ಎಲ್ಲಾ ಪಾರ್ಟ್ ಟೈಮ್, ಅಂದ್ರ ಬೇಕಾದಾಗ ಮಾತ್ರ ನಾಕು ಗಾಲಿ, ನಡುವ ಡಿಫ್ರೆನ್ಷಿಯಲ್ ಇಲ್ಲ. ತಿರುವಿನ್ಯಾಗ ಮುಂದಿನ ಗಾಲಿ ಹಿಂದಿನಕ್ಕಿಂತ ಹೆಚ್ಚು ದೂರ ಉರಳ್ತಾವ. ಮಣ್ಣಾದ್ರ ಗಾಲಿ ಒಂಚೂರು ಜಾರಿ ಆ ಫರಕ್ ಸರಿ ಹೋಗ್ತದ. ಡಾಂಬರ್ ಬಿಡಂಗಿಲ್ಲ, ಆ ತಿರಚು ಶಾಫ್ಟು, ಚೈನ್, ಗೇರ್ ಮ್ಯಾಲ ಬೀಳ್ತದ. ಲಿವರ್ ಹೊರಗ ಬರದಂಗ ಬಿಗದ್ರ ನಾಕು ಮೀಟರ್ ಸೀದಾ ರಿವರ್ಸ್ ತಗೋರಿ, ಬಿಡ್ತದ.

ಮಣ್ಣಾಗ 4ಎಚ್ ಹಾಕಿ ಸೀದಾ ನೂರು ಮೀಟರ್, ಆಮ್ಯಾಲ ಸ್ಟೀರಿಂಗ್ ಪೂರಾ ಎಡಕ್ಕ, ಪೂರಾ ಬಲಕ್ಕ, ನಿಧಾನ. "ಟಕ್ ಟಕ್ ಟಕ್" ಅಂದ್ರ ಆ ಕಡೆ ಸಿವಿ ಜಾಯಿಂಟ್ (ಮುಂದಿನ ಗಾಲಿಗೆ ಶಕ್ತಿ ಒಯ್ಯೂ ಶಾಫ್ಟಿನ ಕೀಲು) ಹೋಗೇತಿ. ಪೂರಾ ನಿಲ್ಲಿಸಿ, ನ್ಯೂಟ್ರಲ್ ಮಾಡಿ 4ಎಲ್ (ನಾಕೂ ಗಾಲಿ, ವೇಗ ಕಡಿಮಿ ಜೋರು ಹೆಚ್ಚು) ಹಾಕ್ರಿ. ಫಸ್ಟ್ ಗೇರ್‌ನ್ಯಾಗ ಎಕ್ಸಿಲರೇಟರ್ ಮುಟ್ಟದ ಏರಿ ಹತ್ತಬೇಕು. ಜೋರು ಬಿದ್ದಾಗ ತಾನ ನ್ಯೂಟ್ರಲ್‌ಗೆ ಹಾರಿದ್ರ ಒಳಗ ಫೋರ್ಕ್ ಸವದೇತಿ. "ಕಟಕ್" ಅಂತ ಹಲ್ಲು ಹಾರಿದಂಗಾದ್ರ ಟ್ರಾನ್ಸ್‌ಫರ್ ಕೇಸಿನ ಚೈನ್ ಉದ್ದಾಗೇತಿ. ಎರಡೂ ದುಬಾರಿ. ಸ್ಕಾರ್ಪಿಯೊದಾಗ ಲಿವರ್ ಬದಲಿ ನಾಬ್ ಇರ್ತದ, ಕೆಳಗ ಮೋಟರ್ ತಿರಗಿ ಗೇರ್ ಹಾಕ್ತದ. ಎಂಜಿನ್ ಬಂದ್ ಮಾಡಿ, ಇಗ್ನಿಷನ್ ಆನ್ ಇಟ್ಟು ನಾಬ್ ತಿರುವಿ ಕೇಳ್ರಿ. "ಗುರ್" ಅಂತ ಒಂದು ಸೆಕೆಂಡ್ ಸದ್ದು ಬರಬೇಕು.

ಕೆಳಗಿನ ಕೆಲಸಕ್ಕ ಒಂದು ಪಾನಾ, ಒಂದು ಟಾರ್ಚ್ ಸಾಕು. ಹಿಂದಿನ ಹೌಸಿಂಗ್ (ಡಿಫ್ರೆನ್ಷಿಯಲ್ ಇರೂ ಕವಚ) ಮ್ಯಾಲ ಎರಡು ಪ್ಲಗ್ ಇರ್ತಾವ. ಮೊದಲ ಮ್ಯಾಲಿನ, ಅಂದ್ರ ಆಯಿಲ್ ತುಂಬೂ ಪ್ಲಗ್ ಬಿಚ್ರಿ. ಕೆಳಗಿನದ ಮೊದಲ ಬಿಚ್ಚಿ, ಮ್ಯಾಲಿನದು ಜಾಮಾಗಿ ಬರಲಿಲ್ಲಂದ್ರ ಗಾಡಿ ಅಲ್ಲೇ ನಿಲ್ತದ. ಬೆರಳು ಹಾಕ್ರಿ: ಆಯಿಲ್ ತೂತಿನ ಅಂಚಿಗೆ ಇರಬೇಕು, ಬಣ್ಣ ಜೇನಿನಂಗ ಇಲ್ಲ ಕಂದು ಇರಬೇಕು. ಹಾಲಿನ ಚಹಾದಂಗ ಇದ್ರ ನೀರು ಹೊಕ್ಕೇತಿ. ಪ್ಲಗ್‌ನ ಅಯಸ್ಕಾಂತಕ್ಕ ಕಾಡಿಗಿಯಂಥ ಸಣ್ಣ ಪುಡಿ ಹತ್ತಿದ್ದು ಸಹಜ, ಚೂರು ಹತ್ತಿದ್ರ ಬ್ಯಾಡ. ಮುಂದಿನ ಹೌಸಿಂಗ್, ಟ್ರಾನ್ಸ್‌ಫರ್ ಕೇಸ್ ಹಂಗೇ. ಡಿಫ್ರೆನ್ಷಿಯಲ್‌ಗೆ ಸಾಮಾನ್ಯವಾಗಿ 80ಡಬ್ಲ್ಯೂ-90 ಜಿಎಲ್-5 ಗೇರ್ ಆಯಿಲ್ ಹೋಗ್ತದ. ಚೈನ್ ಇರೂ ಟ್ರಾನ್ಸ್‌ಫರ್ ಕೇಸಿಗೆ ಹಲವು ಗಾಡ್ಯಾಗ ಎಟಿಎಫ್ (ಆಟೋಮ್ಯಾಟಿಕ್ ಗೇರಿನ ಆಯಿಲ್), ಹಿಂಗಾಗಿ ಎಲ್ಲಾದಕ್ಕೂ ಒಂದೇ ಡಬ್ಬಿ ಸುರಿಯೂ ಮೇಸ್ತ್ರಿ ಕೈಗೆ ಕೊಡಬ್ಯಾಡ್ರಿ, ಕೈಪಿಡಿ ನೋಡಿ ಹಾಕಸ್ರಿ.

ಮುಂದಿನ ಗಾಲಿ ಜ್ಯಾಕ್ ಹಚ್ಚಿ ಮ್ಯಾಲ-ಕೆಳಗ ಹಿಡದು ಅಲುಗಾಡಸ್ರಿ: ಅಲುಗಿದ್ರ ಬೇರಿಂಗ್ ಇಲ್ಲ ಬಾಲ್ ಜಾಯಿಂಟ್, ಜಿಪ್ಸಿಯಾದ್ರ ಕಿಂಗ್ ಪಿನ್. ಎಡ-ಬಲ ಹಿಡದು ಅಲುಗಿದ್ರ ಟೈ ರಾಡ್. ಪ್ರೊಪೆಲ್ಲರ್ ಶಾಫ್ಟ್ ಕೈಯಿಂದ ತಿರುವಿ ನೋಡ್ರಿ, "ಕಟ್" ಅಂದ್ರ ಅದರ ಕ್ರಾಸ್ (ಕೀಲು) ಹೋಗೇತಿ, ಅದೇನು ದೊಡ್ಡ ಖರ್ಚಲ್ಲ. ಚಾಸಿಗೆ ಹೊಸದಾಗಿ ಕರೆ ಬಣ್ಣ ಬಳದಿದ್ರ ಸ್ಕ್ರೂಡ್ರೈವರ್ ಹಿಡಿಕಿಯಿಂದ ಬಡದು ನೋಡ್ರಿ, ಹಿಂದಿನ ಗಾಲಿ ಮ್ಯಾಲಿನ ಭಾಗ, ಪಾಟಾ ಕೂಡೂ ಜಾಗ. ಟಣ್ ಅಂದ್ರ ಚಲೋ. ಬೊದ್ ಅಂದ್ರ ಒಳಗ ತುಕ್ಕು.

ನವನಗರ ಸೆಕ್ಟರ್

ಪಾನಾ ಸರ್ ಹೇಳಿದ ಪರೀಕ್ಷೆಗಳಿಗೆ ಎರಡನೇ ಮಾತಿಲ್ಲ. ಆದರೆ ಈ ಬಳಕೆಗೆ ಡಸ್ಟರ್ ಎಡಬ್ಲ್ಯೂಡಿಯೇ ಸರಿ ಅಂತ ನನ್ನ ವಾದ. ತಿಂಗಳ ಓಡಾಟದಲ್ಲಿ ಎರಿ ದಾರಿ ಹೆಚ್ಚೆಂದರೆ 70 ಕಿ.ಮೀ., ಉಳಿದದ್ದೆಲ್ಲ ಡಾಂಬರು. ಹತ್ತಿ ಇಳಿಯಲು ಕಾರಿನಷ್ಟೇ ಸುಲಭ, ಅಮ್ಮನವರಿಗೆ ತೊಂದರೆಯಿಲ್ಲ. ಹಿಂದಿನ ಗಾಲಿಗಳಿಗೂ ಸ್ವತಂತ್ರ ಸಸ್ಪೆನ್ಷನ್ ಇರುವುದರಿಂದ ಕಬ್ಬಿನ ಟ್ರ್ಯಾಕ್ಟರ್ ಓಡಿ ಹಾಳಾದ ರಸ್ತೆಯಲ್ಲಿ ಸ್ಕಾರ್ಪಿಯೊಗಿಂತ ಎಷ್ಟೋ ನೆಮ್ಮದಿ.

ಇದು ಪಾರ್ಟ್ ಟೈಮ್ ಅಲ್ಲ. ನಾಬ್‌ನಲ್ಲಿ ಮೂರು ಸ್ಥಾನ: 2ಡಬ್ಲ್ಯೂಡಿ, ಆಟೊ, ಲಾಕ್. ಆಟೊದಲ್ಲಿ ಮುಂದಿನ ಗಾಲಿ ಜಾರಿದರೆ ಹಿಂದಿನ ಡಿಫ್ರೆನ್ಷಿಯಲ್ ಮುಂದಿರುವ ಕಪ್ಲಿಂಗ್ ಬಿಗಿದು ಹಿಂದಕ್ಕೂ ಶಕ್ತಿ ಕಳಿಸುತ್ತದೆ. ಲಾಕ್‌ನಲ್ಲಿ ಅದು ಬಿಗಿದೇ ಇರುತ್ತದೆ, ವೇಗ ಹೆಚ್ಚಾದರೆ ತಾನೇ ಆಟೊಗೆ ಬರುತ್ತದೆ. ಲೋ ರೇಂಜ್ (4ಎಲ್) ಇಲ್ಲ, ನಿಜ. ಅದರ ಬದಲಿಗೆ ಫಸ್ಟ್ ಗೇರ್ ಬಹಳ ಗಿಡ್ಡ, ಸಾವಿರ ಆರ್‌ಪಿಎಂಗೆ ಗಂಟೆಗೆ ಸುಮಾರು 6 ಕಿ.ಮೀ. ಡಾಂಬರಿನ ಮೇಲೆ ಸೆಕೆಂಡ್‌ನಲ್ಲೇ ಹೊರಡಬಹುದು.

ಏನು ಕೆಡುತ್ತದೆ ಎಂದರೆ: ಒಂದು, ಟೈಮಿಂಗ್ ಬೆಲ್ಟ್. ಈ 1.5 ಡೀಸೆಲ್ ಎಂಜಿನ್‌ಗೆ ಚೈನ್ ಅಲ್ಲ, ಬೆಲ್ಟ್. ಹರಿದರೆ ವಾಲ್ವ್ ಬಾಗಿ ಹೆಡ್ ಬಿಚ್ಚಬೇಕಾಗುತ್ತದೆ. 95,000 ಕಿ.ಮೀ. ಗಾಡಿಗೆ ಬೆಲ್ಟ್ ಬದಲಿಸಿದ ಬಿಲ್ ಕಣ್ಣಾರೆ ನೋಡದಿದ್ದರೆ ಬದಲಿಸಿಲ್ಲ ಎಂದೇ ಲೆಕ್ಕ ಹಾಕಿ, ಬೆಲ್ಟ್, ಟೆನ್ಷನರ್, ವಾಟರ್ ಪಂಪ್ ಮೂರರ ಖರ್ಚನ್ನೂ ಬೆಲೆಯಲ್ಲಿ ಕಡಿಸಿ. ಎರಡು, ಕ್ಲಚ್. ಇದರ ಜತೆ ಡ್ಯುಯಲ್ ಮಾಸ್ ಫ್ಲೈವ್ಹೀಲ್ (ಎಂಜಿನ್ ನಡುಕ ಹೀರುವ ಚಕ್ರ) ಬರುತ್ತದೆ, ಬಂದ್ ಮಾಡುವಾಗ "ಕಟಕಟ" ಎಂದು ನಡುಗಿದರೆ ಅದರ ಕಾಲ ಮುಗಿಯುತ್ತಿದೆ. ಮೂರು, ಟಾಯರ್. ನಾಲ್ಕೂ ಒಂದೇ ಅಳತೆ, ಒಂದೇ ಕಂಪನಿ, ಸವೆತದಲ್ಲಿ 2-3 ಮಿ.ಮೀ.ಗಿಂತ ಹೆಚ್ಚು ಅಂತರ ಇರಬಾರದು. ಎರಡು ಹೊಸವು, ಎರಡು ಹಳೆಯವು ಇದ್ದರೆ ಗಾಲಿಗಳ ಸುತ್ತಳತೆ ಬೇರೆಯಾಗಿ, ಜಾರುತ್ತಿದೆ ಎಂದು ತಿಳಿದು ಕಪ್ಲಿಂಗ್ ಸದಾ ಕೆಲಸ ಮಾಡಿ ಬಿಸಿಯಾಗುತ್ತದೆ.

ಮಾದರಿ ವರ್ಷ ಗಮನಿಸಿ. ಡಸ್ಟರ್ ಎಡಬ್ಲ್ಯೂಡಿ ನಮ್ಮಲ್ಲಿ ಬಂದದ್ದು 2014ರಲ್ಲಿ, ಡೀಸೆಲ್ ಜತೆ ಮಾತ್ರ. ಅದಕ್ಕಿಂತ ಹಳೆಯ ಗಾಡಿಯನ್ನು ಎಡಬ್ಲ್ಯೂಡಿ ಎಂದು ತೋರಿಸಿದರೆ ಎದ್ದು ಬನ್ನಿ.

ಉದ್ಯಮಬಾಗ್ ಪಾನಾ

ಸೆಕ್ಟರ್ ಅಣ್ಣಾರ, ಎಲ್ಲಾ ಒಪ್ಪಿದೆ, ಒಂದು ಬಿಟ್ಟು. ಆ ಕಪ್ಲಿಂಗ್ ಎರಿಯೊಳಗ ಹತ್ತು ನಿಮಿಷ ಗಾಲಿ ತಿರಗಿಸಿದ್ರ ಕಾದು ತಾನ ಬಿಡ್ತದ, ಆಮ್ಯಾಲ ಬರೇ ಮುಂದಿನ ಗಾಲಿ. ತಣ್ಣಗಾಗೂತನಕ ಕುಂಡರಬೇಕು. ಒದ್ದಿ ದಾರಿಗೆ ಡಸ್ಟರ್ ಸಾಕು, ಹೂಳಿಗೆ ಸಾಲಂಗಿಲ್ಲ. ತೋಟದ ದಾರಿ ಯಾವ ಪೈಕಿ ಅನ್ನೂದು ಅವರಿಗೇ ಗೊತ್ತು.

ಕಬ್ಬಿನ ಲೋಡ್ (ಜಮಖಂಡಿ)

ಫೋರ್ ಬೈ ಫೋರ್ ಬೇಕೇ ಬೇಕಾ ಅಂತ ಯಾರೂ ಕೇಳವಲ್ರಿ. ಬೊಲೆರೊ ನಿಯೊ ಎನ್10 (ಆಪ್ಷನಲ್) ನೋಡ್ರಿ. ಹಿಂದಿನ ಗಾಲಿ ಎಳಿಯೂ ಗಾಡಿ, ಆದ್ರ ಹಿಂದಿನ ಡಿಫ್ರೆನ್ಷಿಯಲ್‌ಗೆ ಕಂಪನಿಯಿಂದಲೇ ಮೆಕ್ಯಾನಿಕಲ್ ಲಾಕ್ ಬರ್ತದ. ಸಾದಾ ಡಿಫ್ರೆನ್ಷಿಯಲ್ ಆದ್ರ ಒಂದು ಗಾಲಿ ಹೂಳಿನ್ಯಾಗ ಗರಗರ ತಿರಗಿ, ಗಟ್ಟಿ ನೆಲದ ಮ್ಯಾಲ ಇದ್ದದ್ದು ಸುಮ್ನ ನಿಂತಿರ್ತದ. ಲಾಕ್ ಬಿದ್ರ ಎರಡೂ ಕೂಡೇ ತಿರಗ್ತಾವ. ಈಚಿನ ಗಾಡಿ, ಕಾಗದ ಸ್ವಚ್ಛ, ಟ್ರಾನ್ಸ್‌ಫರ್ ಕೇಸಿನ ಗೋಳಿಲ್ಲ, ಬಿಡಿಭಾಗ ಜಮಖಂಡಿ, ಮುಧೋಳದಾಗೂ ಸಿಗ್ತಾವ. ಕುಂದು ಅಂದ್ರ ನೆಲದಿಂದ ಎತ್ತರ 160 ಮಿ.ಮೀ. ಅಷ್ಟ, ಟ್ರ್ಯಾಕ್ಟರ್ ಗಾಲಿ ಕೊರದ ದಾರ್ಯಾಗ ನಡುವಿನ ದಿಣ್ಣಿಗೆ ಹೊಟ್ಟಿ ತಾಗ್ತದ. ಒಂದು ಗಾಲಿ ಗುಂಡ್ಯಾಗ, ಒಂದು ದಿಣ್ಣಿ ಮ್ಯಾಲ ಇಟ್ಟು ಹೊಡಿಬೇಕು.

ಇನ್ನೊಂದು. 2020ರ ಏಪ್ರಿಲ್ ಮುಂದಿನ ಬಿಎಸ್6 (ಹೊಗಿ ನಿಯಮದ) ಡೀಸೆಲ್ ಯಾವುದೇ ತಗೋರಿ, ಡಿಪಿಎಫ್ (ಹೊಗಿಯ ಮಸಿ ಹಿಡಿಯೂ ಜಾಳಿಗಿ) ಇರ್ತದ, ನಾ ಹೇಳಿದ ನಿಯೊಗೂ ಐತಿ. ದಿನಾ ನಾಕ ನಾಕ ಕಿ.ಮೀ. ಓಡಿಸಿ ಬಂದ್ ಮಾಡಿದ್ರ ಮಸಿ ಸುಟ್ಟು ಹೋಗಂಗಿಲ್ಲ, ಲೈಟ್ ಬರ್ತದ, ಎಂಜಿನ್ ಆಯಿಲ್‌ಗೆ ಡೀಸೆಲ್ ಇಳಿದು ಮಟ್ಟ ಏರ್ತದ. ವಾರಕ್ಕೊಮ್ಮೆ ಹೈವೇ ಮ್ಯಾಲ ಅರ್ಧಾ ತಾಸು ಒಂದೇ ವೇಗದಾಗ ಓಡಸ್ರಿ. ತಿಕೋಟಾಕ್ಕ ಹೋಗಿ ಬರೂದರಾಗ ಆ ಕೆಲಸ ಆಗ್ತದ ಬಿಡ್ರಿ.

ಕಾಗದ ಪಕ್ಕಾ

ಗಾಡಿ ಮಾತು ಇವರು ಆಡಲಿ, ನಾನು ಕಾಗದದ್ದು ಹೇಳುತ್ತೇನೆ.

ಸೊಲ್ಲಾಪುರದ ಗಾಡಿ ಎಂದರೆ ಎಂಎಚ್-13. ಅಲ್ಲಿನ ಆರ್‌ಟಿಒದಿಂದ ಫಾರ್ಮ್ 28ರಲ್ಲಿ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು, ವಿಜಯಪುರ ಆರ್‌ಟಿಒ ಹೆಸರಿಗೇ ಇರಬೇಕು. ಅದಕ್ಕೆ ಚಾಸಿ ನಂಬರಿನ ಪೆನ್ಸಿಲ್ ಅಚ್ಚು, ಮೂಲ ಆರ್‌ಸಿ, ಚಾಲ್ತಿ ವಿಮೆ, ಮಾಲಿನ್ಯ ಪ್ರಮಾಣಪತ್ರ. ಎಲ್ಲ ಇ-ಚಲನ್ ಕಟ್ಟಿರಬೇಕು. ಸಾಲ ಇದ್ದ ಗಾಡಿಯಾದರೆ ಬ್ಯಾಂಕಿನ ಪತ್ರದ ಜತೆ ಫಾರ್ಮ್ 35, ಆರ್‌ಸಿಯಲ್ಲಿ ಸಾಲದ ನಮೂದು ತೆಗೆದದ್ದನ್ನು ನೋಡಿದ ಮೇಲೆಯೇ ಪೂರ್ತಿ ಹಣ. ಇಲ್ಲಿ ಬಂದ ಮೇಲೆ ಹೊಸ ನಂಬರಿಗೆ ಫಾರ್ಮ್ 27, ಹೆಸರು ಬದಲಿಗೆ ಫಾರ್ಮ್ 29 ಮತ್ತು 30. ಬೇರೆ ರಾಜ್ಯದ ನಂಬರಿನಲ್ಲಿ 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಳ್ಳುವಂತಿಲ್ಲ.

ಪೆಟ್ಟು ಬೀಳುವುದು ಆಜೀವ ತೆರಿಗೆಯಲ್ಲಿ. ಕರ್ನಾಟಕದಲ್ಲಿ ಅದು ನೀವು ಕೊಟ್ಟ ಬೆಲೆಯ ಮೇಲಲ್ಲ, ಗಾಡಿ ಹೊಸದಿದ್ದಾಗಿನ ಬೆಲೆ ಮತ್ತು ಗಾಡಿಯ ವಯಸ್ಸಿನ ಮೇಲೆ. ಮುಂಗಡ ಕೊಡುವ ಮೊದಲು ಆರ್‌ಸಿ ಪ್ರತಿ ಹಿಡಿದು ಆರ್‌ಟಿಒದಲ್ಲಿ ಮೊತ್ತ ಕೇಳಿ, ಅದನ್ನು ಬೆಲೆಗೆ ಕೂಡಿಸಿ ನೋಡಿ. ಸೊಲ್ಲಾಪುರದ "ಸೋವಿ" ಗಾಡಿ ಕೆಎ-22ರ ಗಾಡಿಗಿಂತ ತುಟ್ಟಿಯಾಗುವುದು ಇಲ್ಲಿಯೇ. ಉಳಿದ ಅವಧಿಯ ತೆರಿಗೆ ಮರಳಿ ಕೊಡುವಂತೆ ಅಲ್ಲಿ ಅರ್ಜಿ ಹಾಕಬಹುದು, ಆದರೆ ಆ ಹಣ ನಂಬಿ ಬಜೆಟ್ ಮಾಡಬೇಡಿ. ಬೆಳಗಾವಿ, ಬಾಗಲಕೋಟೆ, ಚಿಕ್ಕೋಡಿ, ಗೋಕಾಕ ನಂಬರಿನ ಗಾಡಿಗೆ ಈ ತೆರಿಗೆ ಮತ್ತೆ ಇಲ್ಲ. ದಿಲ್ಲಿ ಸ್ಕಾರ್ಪಿಯೊಗೆ ಸೊಲ್ಲಾಪುರದ ನಿಯಮವೇ. ಎನ್‌ಒಸಿ ಕೈಯಲ್ಲಿ ಇಲ್ಲದೆ "ಬರುತ್ತೆ ಬಿಡಿ" ಎನ್ನುವವರಿಗೆ ಒಂದು ರೂಪಾಯಿ ಕೊಡಬೇಡಿ.

2012ರ ಜಿಪ್ಸಿ 2027ಕ್ಕೆ 15 ವರ್ಷ ಮುಗಿಸುತ್ತದೆ. ಆಮೇಲೆ ಫಾರ್ಮ್ 25ರಲ್ಲಿ ನವೀಕರಣ, ಫಿಟ್‌ನೆಸ್ ಪರೀಕ್ಷೆ, ಐದೈದು ವರ್ಷಕ್ಕೊಮ್ಮೆ. ಮಿಲಿಟರಿ ಹರಾಜಿನ ಜಿಪ್ಸಿ ಬೆಳಗಾವಿ ಕಡೆ ಮಾರಾಟಕ್ಕೆ ಬಂದರೆ ಹರಾಜಿನ ಮೂಲ ಕಾಗದದ ಚಾಸಿ ನಂಬರ್, ಆರ್‌ಸಿ, ಗಾಡಿ ಮೇಲಿನ ಕೆತ್ತನೆ ಮೂರೂ ಅಂಕಿ ಅಂಕಿ ಹೊಂದಬೇಕು. ಬಟ್ಟೆ ಛಾವಣಿ ತೆಗೆದು ಗಟ್ಟಿ ಛಾವಣಿ ಹಾಕಿದ್ದು ಆರ್‌ಸಿಯಲ್ಲಿ ಇಲ್ಲದಿದ್ದರೆ, ಎತ್ತರ ಏರಿಸಿದ್ದರೆ, ಇಲ್ಲವೇ ಮುಂದೆ ಕಬ್ಬಿಣದ ಬುಲ್ ಬಾರ್ ಕೂರಿಸಿದ್ದರೆ ಫಿಟ್‌ನೆಸ್ ದಿನ ಮತ್ತು ವಿಮೆ ಕೇಳುವ ದಿನ ಎರಡೂ ಕಡೆ ಸಿಕ್ಕಿಬೀಳುತ್ತೀರಿ.

ಹೆಸರು ಬದಲಾದ 14 ದಿನದೊಳಗೆ ವಿಮೆಯನ್ನೂ ನಿಮ್ಮ ಹೆಸರಿಗೆ ಮಾಡಲು ಅರ್ಜಿ ಕೊಡಿ. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್ ಗಾಡಿಯ ಜತೆ ಬರುವುದಿಲ್ಲ, ಆ ವ್ಯತ್ಯಾಸ ನೀವು ಕಟ್ಟಬೇಕು.

ಕೊನೆಗೆ, ನೆರೆ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿದ್ದು ಎಲ್ಲರಿಗೂ ನೆನಪಿದೆ. ಅದಕ್ಕೂ ಮೊದಲು ನೋಂದಣಿಯಾದ, ನದಿ ದಂಡೆ ಊರಿನ ಗಾಡಿಯಾದರೆ ಸೀಟ್ ಬೆಲ್ಟನ್ನು ಪೂರ್ತಿ ಎಳೆದು ಕೊನೆಯ ಒಂದು ಗೇಣು ನೋಡಿ. ಗಾಡಿ ತೊಳೆದವರು ಅಲ್ಲಿಯವರೆಗೆ ತೊಳೆದಿರುವುದಿಲ್ಲ, ಮಣ್ಣಿನ ಗೆರೆ ಕಾಣುತ್ತದೆ. ಸೀಟಿನ ಹಳಿ ಬೋಲ್ಟ್‌ಗಳ ತುಕ್ಕು, ಮ್ಯಾಟಿನ ಕೆಳಗಿನ ಕನೆಕ್ಟರ್‌ಗಳಲ್ಲಿ ಹಸಿರು ಕಿಲುಬು, ಹೆಡ್‌ಲೈಟ್ ಒಳಗೆ ನೀರಿನ ಗೆರೆ ಇದ್ದರೂ ಅದೇ ಅರ್ಥ. ಪಾಲಿಸಿ ನಂಬರ್ ಹಿಡಿದು ವಿಮಾ ಕಂಪನಿಯಲ್ಲಿ ಹಿಂದಿನ ಕ್ಲೇಮ್ ವಿವರ ಮಾಲೀಕರ ಮೂಲಕ ಕೇಳಿಸಿ. ಕೇಳಿಸಲು ಹಿಂಜರಿದರೆ ಅದೂ ಒಂದು ಉತ್ತರವೇ.

ಜಾಂಬೋಟಿ ಕೆಸರು

ಇಲ್ಲಿತನಕ ಟಾಯರ್ ಬಗ್ಗೆ ಯಾರೂ ಸರಿಯಾಗಿ ಮಾತಾಡಿಲ್ಲ. ಎರಿ ಮಣ್ಣಿನ ದಾರಿಗೆ ಲಿವರ್‌ಗಿಂತ ಟಾಯರ್ ದೊಡ್ಡದು. ಎರಿ ಒದ್ದಿ ಆದಾಗ ಅಂಟಂಟು. ರೋಡ್ ಟಾಯರಿನ ಸಣ್ಣ ಗೆರಿ ಒಂದು ಸುತ್ತಿನ್ಯಾಗ ತುಂಬಿ ನುಣ್ಣಗ ಆಗ್ತದ, ಆಮ್ಯಾಲ ನಾಕೂ ಗಾಲಿ ತಿರಗಿದ್ರೂ ನಾಕೂ ಜಾರ್ತಾವ. ನಮ್ಮ ಖಾನಾಪುರ ಕಡೆ ಕೆಂಪು ಜಂಬಿಟ್ಟಿಗೆ ಮಣ್ಣು ಬ್ಯಾರೆ ಗುಣ: ಮ್ಯಾಲ ಸಾಬೂನಿನಂಗ ಜಾರ್ತದ, ಕೆಳಗ ಗಟ್ಟಿ ಇರ್ತದ, ಎಟಿ (ಡಾಂಬರು, ಮಣ್ಣು ಎರಡಕ್ಕೂ ನಡೆಯೂ) ಟಾಯರ್ ಸಾಕು. ಎರಿಗೆ ಕೆಳಗೂ ಗಟ್ಟಿ ಸಿಗಂಗಿಲ್ಲ. ಎಂಟಿ (ಕೆಸರಿನ) ಟಾಯರ್ ಅಗಲ ಸಂದಿಯಿಂದ ಮಣ್ಣು ಚೆಲ್ಲಿ ಹೋಗ್ತದ, ಆದ್ರ ದಿನಾ ಗಾಂಧಿ ಚೌಕದಾಗ ಅದರ ಗೊಂಯ್ ಸದ್ದು, ಒದ್ದಿ ಡಾಂಬರ್ ಮ್ಯಾಲ ಬ್ರೇಕ್ ದೂರ, ಡೀಸೆಲ್ ಖರ್ಚು ಎಲ್ಲಾ ಏರ್ತದ. ನಿಮ್ಮ ಲೆಕ್ಕಕ್ಕ ಎಟಿ, ಕಂಪನಿ ಅಳತೆಯಲ್ಲೇ. ಡಸ್ಟರ್‌ಗೆ 215/65 ಆರ್16. ಅಗಲ ಏರಿಸಬ್ಯಾಡ್ರಿ, ಕಿರಿದು ಟಾಯರ್ ಕೆಸರು ಸೀಳಿ ಗಟ್ಟಿ ಹುಡಕ್ತದ.

ಹಳೇ ಗಾಡಿ ಟಾಯರ್ ಮ್ಯಾಲ ನಾಕು ಅಂಕಿ ಓದ್ರಿ. 2319 ಅಂದ್ರ 2019ರ 23ನೇ ವಾರ. ಐದಾರು ವರ್ಷ ದಾಟಿದ್ರ ಗೆರಿ ಎಷ್ಟೇ ಇದ್ರೂ ರಬ್ಬರ್ ಕಲ್ಲಾಗಿರ್ತದ.

ಎರಿಗೆ ಇಳಿಯೂ ಮೊದಲ ಗಾಳಿ ಬಿಡ್ರಿ. 32-35 ಪಿಎಸ್‌ಐ ಇದ್ದದ್ದು 22ಕ್ಕ, ಪೂರಾ ಮೆತ್ತಗಿದ್ರ 18ಕ್ಕ. 15ರ ಕೆಳಗ ಹೋದ್ರ ಟಾಯರ್ ರಿಮ್‌ದಿಂದ ಕಳಚ್ತದ. ಬಾದಾಮಿ ಕಡೆ ಚೂಪು ಕಲ್ಲಿನ ದಾರ್ಯಾಗ 25ರ ಕೆಳಗ ಬ್ಯಾಡ, ಬದಿ ಹರೀತದ. ಡಾಂಬರಿಗೆ ಬಂದ ಕೂಡ್ಲೆ ಮತ್ತ ತುಂಬಸ್ರಿ. ಬ್ಯಾಟರಿಗೆ ನೇರ ಹಚ್ಚೂ 12 ವೋಲ್ಟ್ ಕಂಪ್ರೆಸರ್ ತಗೋರಿ, ಸಿಗರೇಟ್ ಸಾಕೆಟ್ಟಿಂದು ನಾಕು ಟಾಯರ್ ತುಂಬೂದರಾಗ ಫ್ಯೂಸ್ ಸುಡ್ತದ.

ಹಳ್ಳ: ಇಳಿದು ನಡದು ನೋಡಿ ಆಮ್ಯಾಲ ಗಾಡಿ. ಗಾಲಿ ನಡುವಿನ ಹಬ್ ಮುಟ್ಟೂ ನೀರಿಗೆ ಚಿಂತಿಲ್ಲ. ಹರಿಯೂ ನೀರು ಮೊಣಕಾಲು ದಾಟಿದ್ರ ಯಾವ ಗಾಡಿಯೂ ಬ್ಯಾಡ, ಡೋಣಿ ನದಿ ಭಾಗದವರಿಗೆ ಇದನ್ನ ಹೇಳೂದು ಬ್ಯಾಡ. ಬಂದ ಕೂಡ್ಲೆ ನೀರಿಗೆ ಇಳಿಸಬ್ಯಾಡ್ರಿ, ಐದು ನಿಮಿಷ ನಿಲ್ರಿ. ಕಾದ ಹೌಸಿಂಗ್ ತಣ್ಣೀರಿಗೆ ಮುಳುಗಿದ್ರ ಒಳಗಿನ ಗಾಳಿ ಕುಗ್ಗಿ ಸೀಲ್‌ದಿಂದ ನೀರು ಎಳಕೋತದ. ಹೌಸಿಂಗ್ ಮ್ಯಾಲ ಬ್ರೀದರ್ (ಗಾಳಿ ಆಡೂ ತೂತು) ಇರ್ತದ, ಕೆಸರು ತುಂಬಿ ಮುಚ್ಚಿದ್ರ ಇದೇ ಗತಿ. ಅದಕ್ಕ ಪೈಪ್ ಹಚ್ಚಿ ಎಂಜಿನ್ ಎತ್ತರಕ್ಕ ಒಯ್ಯೂದು ಭಾಳ ಸಣ್ಣ ಕೆಲಸ.

ಸಿಕ್ಕೊಂಡ್ರ ಟ್ರ್ಯಾಕ್ಟರ್ ಕರೀತೀರಿ, ಗೊತ್ತೈತಿ. ಚೈನ್ ಹಾಕಿ ಜರ್ಕ್ ಹೊಡಿಸಬ್ಯಾಡ್ರಿ, ತುಂಡಾಗಿ ಹಾರಿದ್ರ ಗಾಜು ಒಡದು ಒಳಗ ಬರ್ತದ. ಹಗ್ಗ ಚಾಸಿಗೆ ಕೂಡಿಸಿದ ಹುಕ್ಕಿಗೆ ಶ್ಯಾಕಲ್ (ಕಬ್ಬಿಣದ ಕೊಂಡಿ) ಹಾಕಿ ಕಟ್ರಿ, ಬಂಪರಿಗೆ, ಎಕ್ಸೆಲ್ಲಿಗೆ, ಟ್ರೇಲರ್ ಎಳೆಯೂ ಗುಂಡಿಗೆ ಅಲ್ಲ. ಹಗ್ಗದ ನಡುವ ಒಂದು ಒದ್ದಿ ಗೋಣಿಚೀಲ ಹಾಕ್ರಿ, ಮಂದಿ ಹಗ್ಗದ ಒಂದೂವರೆ ಪಟ್ಟು ದೂರ ನಿಲ್ಲಲಿ. ಮೊದಲ ಸಲಿಕೆಯಿಂದ ಗಾಲಿ ಮುಂದಿನ ಮಣ್ಣು ತೆಗೀರಿ, ಅರ್ಧಾ ಸಲ ಟ್ರ್ಯಾಕ್ಟರ್ ಬೇಕಾಗಂಗಿಲ್ಲ.

ಖಾನಾಪುರ ತಿರುಗಾಟದ ಮಾತು ಬಂತಲ್ರಿ: ಭೀಮಗಡ ವನ್ಯಧಾಮದ ಒಳದಾರಿಗೆ ಅರಣ್ಯ ಇಲಾಖೆ ಅನುಮತಿ ಇಲ್ಲದ ಗಾಡಿ ಇಳಿಸಬ್ಯಾಡ್ರಿ.

ಎರಿಹೊಲ_28

ಎಲ್ಲರಿಗೂ ಶರಣ್ರಿ. ದಿಲ್ಲಿ ಗಾಡಿ ಎನ್‌ಒಸಿ ಕೇಳಿದ ಕೂಡ್ಲೆ ಫೋನ್ ಎತ್ತವಲ್ರು, ಅದು ಮುಗೀತು. ಡಸ್ಟರ್ ನೋಡಿದೆ: ಮುಂದಿನ ಟಾಯರ್ ಹೊಸಾವು, ಹಿಂದಿನವು 4216. ಬೆಲ್ಟ್ ಬಿಲ್ ಇಲ್ಲ. ಎಂಜಿನ್, ಹೌಸಿಂಗ್ ಆಯಿಲ್ ಚಲೋ, ಕೆಳಗ ತುಕ್ಕಿಲ್ಲ. ಕೆಎ-22ರ 2015 ಸ್ಕಾರ್ಪಿಯೊ 4ಡಬ್ಲ್ಯೂಡಿ ಒಂದು ಹೊಸದಾಗಿ ಸಿಕ್ತು: ನಾಬ್ 4ಎಚ್‌ಗೆ ತಿರುವಿದ್ರ ಲೈಟ್ ಮಿಣಮಿಣ ಅಂತದ, ನಿಲ್ಲಂಗಿಲ್ಲ. ಹಿಂದಿನ ಹೌಸಿಂಗ್ ಆಯಿಲ್ ಪಾನಾ ಅಣ್ಣಾರು ಹೇಳಿದ ಹಾಲಿನ ಚಹಾ. ಮಾಲೀಕರು "ಸೀಲ್ ಹಾಕಿಸಿದ್ರ ಆತು" ಅಂತಾರ.

ಉದ್ಯಮಬಾಗ್ ಪಾನಾ

ಲೈಟ್ ಮಿಣಮಿಣ ಅಂದ್ರ ಮೋಟರ್ ತನ್ನ ಜಾಗ ಮುಟ್ಟಿಲ್ಲ. ಮೊದಲ ಬ್ಯಾಟರಿ ವೋಲ್ಟೇಜ್ ನೋಡ್ರಿ, ಬಂದ್ ಇದ್ದಾಗ 12.4ರ ಕೆಳಗ ಇದ್ರ ಅದ ಕಾರಣ ಇರಬಹುದು. ಆಮ್ಯಾಲ ಮೋಟರ್ ಕನೆಕ್ಟರ್ ಬಿಚ್ಚಿ ಕಿಲುಬು ತೆಗೀರಿ. ಹಂಗೂ ಆಗದಿದ್ರ ಮೋಟರ್ ಇಳಿಸಿ, ಟ್ರಾನ್ಸ್‌ಫರ್ ಕೇಸಿನ ಶಾಫ್ಟ್ ಕೈಯಿಂದ ತಿರುವಿ ನೋಡಬೇಕು. ಹಗುರಾಗಿ ತಿರಗಿದ್ರ ಮೋಟರ್ ಒಂದೇ ಹೋಗೇತಿ. ಬಿಗಿ ಇದ್ರ ಒಳಗ ಕೆಲಸ, ಗೇರ್‌ಬಾಕ್ಸ್ ಇಳಿಸೂ ಖರ್ಚು ಹಿಡೀರಿ. ವರ್ಷಗಟ್ಲೆ ಯಾರೂ 4ಎಚ್ ಹಾಕದಿದ್ರ ಹಿಂಗ ಜಾಮ್ ಆಗ್ತದ. ಯಾವ ಗಾಡಿ ತಗೊಂಡ್ರೂ ತಿಂಗಳಿಗೊಮ್ಮೆ ಮಣ್ಣಾಗ ಎರಡು ಕಿ.ಮೀ. 4ಎಚ್ ಹಾಕಿ ಓಡಸ್ರಿ.

ಚಹಾ ಆಯಿಲ್‌ಗೆ ಬರೇ ಸೀಲ್ ಅಲ್ಲ. ನೀರು ಎಷ್ಟು ದಿನ ನಿಂತಿತ್ತು ಅನ್ನೂದ್ರ ಮ್ಯಾಲ ಐತಿ. ಅವರ ಖರ್ಚಿನ್ಯಾಗ ಆಯಿಲ್ ಪೂರಾ ಇಳಿಸಿ, ಕೆಳಗಿನ ಪ್ಲಗ್‌ಗೆ ಚೂರು ಹತ್ಯಾವೋ ನೋಡ್ರಿ. ಹಿಂದಿನ ಎರಡೂ ಗಾಲಿ ಎತ್ತಿ ಕೈಯಿಂದ ತಿರುವ್ರಿ, ಕರಕರ ಅಂದ್ರ ಬೇರಿಂಗ್ ತುಕ್ಕು ತಿಂದಾವ, ಅಲ್ಲಿಗೆ ಬಿಡ್ರಿ. ನುಣ್ಣಗ ತಿರಗಿದ್ರ ಹೊಸಾ ಆಯಿಲ್ ತೂತಿನ ಅಂಚಿಗೆ ತುಂಬಿ, ಬ್ರೀದರ್ ಸ್ವಚ್ಛ ಮಾಡಿ, 60-70 ವೇಗದಾಗ ಓಡಿಸಿ ಕಾಲು ತೆಗದಾಗ ಹಿಂದಿಂದ "ಊಂ" ಅಂತ ಕೇಳ್ತದೇನು ನೋಡ್ರಿ. ಕೇಳಿದ್ರ ಕ್ರೌನ್-ಪಿನಿಯನ್ (ಹೌಸಿಂಗ್ ಒಳಗಿನ ಮುಖ್ಯ ಗೇರ್ ಜೋಡಿ) ಸವದೇತಿ. ಇಲ್ಲಂದ್ರ 500 ಕಿ.ಮೀ. ಓಡಿಸಿ ಇನ್ನೊಮ್ಮೆ ಆಯಿಲ್ ಬದಲಿ ಮಾಡಬೇಕು, ಒಳಗ ಉಳಿದ ನೀರು ಹೊರಗ ಬರ್ತದ.

ನನಗ ಕೇಳಿದ್ರ ಎರಡರಾಗ ಡಸ್ಟರ್. ಅದರ ಕುಂದು ಎಲ್ಲಾ ಹೊರಗಿಂದ ಕಾಣ್ತಾವ, ಲೆಕ್ಕ ಹಾಕಾಕ ಬರ್ತಾವ: ಎರಡಲ್ಲ, ನಾಕೂ ಟಾಯರ್, ಬೆಲ್ಟ್ ಕಿಟ್, ವಾಟರ್ ಪಂಪ್, ಎಲ್ಲಾ ಆಯಿಲ್. ಹಿಂದಿನ ಟಾಯರ್ ಸವದ ಗಾಡ್ಯಾಗ ಕಪ್ಲಿಂಗ್ ಎಷ್ಟು ಕಾದಿತ್ತೋ ಗೊತ್ತಿಲ್ಲ, ಹಿಂಗಾಗಿ ಒಂದು ಪರೀಕ್ಷಾ ಮಾಡಿ ಬರ್ರಿ. ಮುಂದಿನ ಎರಡೂ ಗಾಲಿ ಸಡಿಲ ಮಣ್ಣಿನ ಗುಡ್ಡಿ ಮ್ಯಾಲ ಇಟ್ಟು, ಲಾಕ್ ಹಾಕಿ ನಿಧಾನ ಬಿಡ್ರಿ, ಒಬ್ಬರು ಹೊರಗ ನಿಂತು ಹಿಂದಿನ ಗಾಲಿ ನೋಡಲಿ. ಮುಂದಿನವು ಜಾರೂ ಮೊದಲ ಹಿಂದಿನವು ನೂಕಬೇಕು. ಕಾಗದ ಪಕ್ಕಾ ಅವರು ಹೇಳಿದ ತೆರಿಗೆ ಕೂಡಿಸಿ ಒಟ್ಟು ಏಳೂವರೆ ದಾಟಬಾರದು, ಉಳಿದ ಒಂದೂವರೆ ಲಕ್ಷ ಈ ಕೆಲಸಕ್ಕ.

ಎರಿಹೊಲ_28

ಆತ್ರಿ. ಆರ್‌ಟಿಒದಾಗ ತೆರಿಗೆ ಕೇಳಿ ಬರ್ತೀನಿ, ಆ ಮೊತ್ತ ತಗೊಂಡ ಸೊಲ್ಲಾಪುರಕ್ಕ ಹೋಗತೀನಿ. ಪಾನಾ ಮತ್ತ ಗೋಣಿಚೀಲ ಎರಡೂ ಡಿಕ್ಕ್ಯಾಗ ಇರ್ತಾವ.